ಕೊಟ್ರಮ್ಮಕ್ಕನ ದ್ರಾಕ್ಷಿ, ನನ್ನ ಅವಸರ

ಕಳೆದ ಫೆಬ್ರವರಿಯಲ್ಲಿ ನಮ್ಮ ತೋಟಗಾರಿಕೆ ಇಲಾಖೆಯ ಹತ್ತು ಹನ್ನೆರಡು ಜನರನ್ನು ತರಬೇತಿಯ ಹೆಸರಿನಲ್ಲಿ ಒಂದು ವೈನ್ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ಗುಡ್ಡದ ತಪ್ಪಲು, ನೆಟ್ಟಗೆ ನಿಂತ ಬಳ್ಳಿ ಸಾಲುಗಳು, ನಡುವೆ ಗಾಜಿನ ಗೋಡೆಯ ಊಟದ ಮನೆ. ಬಿಳಿ ಅಂಗಿಯ ಹುಡುಗಿಯೊಬ್ಬಳು ಎಲ್ಲರ ಮುಂದೆ ಒಂದೊಂದು ಗ್ಲಾಸು ಇಟ್ಟು, ಎರಡು ಗುಟುಕಿನಷ್ಟು ಕೆಂಪು ವೈನ್ ಸುರಿದು, ಈಗಲೇ ಕುಡಿಯಬೇಡಿ, ಮೊದಲು ಮೂಗು ಒಳಗಿಟ್ಟು ಏನು ವಾಸನೆ ಬರುತ್ತದೆ ಹೇಳಿ ಎಂದಳು. ನಮ್ಮವರಿಗೆ ಉತ್ಸಾಹವೋ ಉತ್ಸಾಹ. ಒಬ್ಬರು ನೇರಳೆ ಹಣ್ಣು ಎಂದರು, ಒಬ್ಬರು ಕರಿಮೆಣಸು ಎಂದರು, ಹಿಂದೆ ಕೂತವರೊಬ್ಬರು ಹೊಸ ಚಪ್ಪಲಿ ಎಂದು ಎಲ್ಲರನ್ನೂ ನಗಿಸಿದರು. ನನ್ನ ಸರದಿ ಬಂದಾಗ ಮೂಗು ಇಟ್ಟವಳು ಹಾಗೆಯೇ ಉಳಿದೆ. ನನಗೆ ಬಂದದ್ದು ಬಿಸಿಲಿಗೆ ಒಡೆದ ದ್ರಾಕ್ಷಿ, ಆಗತಾನೇ ನೀರು ಕುಡಿದ ಕೆಂಪು ಮಣ್ಣು, ಅದರ ಬೆನ್ನಿಗೇ ಹಂಚಿನ ಮೇಲೆ ಬೇಯುವ ಜೋಳದ ರೊಟ್ಟಿ. ನೆಗಡಿಯಾಗಿದೆ ಎಂದು ಗ್ಲಾಸು ಕೆಳಗಿಟ್ಟೆ. ಸುಳ್ಳು ಹೇಳುವುದರಲ್ಲಿ ನಾನು ಹಿಂದಿನಿಂದಲೂ ಚುರುಕು.

ಆ ವಾಸನೆ ಕೊಟ್ಟೂರಿನದು. ಅಲ್ಲಿ ನನ್ನ ಮೊದಲ ನೌಕರಿ. ರಸ್ತೆ ತುಂಬ ಅದಿರಿನ ಲಾರಿಗಳು ಓಡುತ್ತಿದ್ದ ವರ್ಷಗಳು ಅವು. ಮೊಬೈಲು ಇನ್ನೂ ಸಾಹೇಬರ ಕೈಯಲ್ಲಷ್ಟೇ ಇತ್ತು. ಕಚೇರಿ ಕೂಡ್ಲಿಗಿಯಲ್ಲಿ, ಬಾಡಿಗೆ ಕೋಣೆ ಕೊಟ್ಟೂರಿನಲ್ಲಿ, ಹೆಚ್ಚುವರಿ ಕೆಲಸ ಹಡಗಲಿಯ ಮಲ್ಲಿಗೆ ತೋಟಗಳಿಂದ ಹಗರಿಬೊಮ್ಮನಹಳ್ಳಿಯ ದಾಳಿಂಬೆಯವರೆಗೆ. ಧಾರವಾಡದ ಹುಡುಗಿ ನಾನು, ಇಪ್ಪತ್ತಾರು ವಯಸ್ಸು, ಬಂದ ದಿನವೇ ಇಲ್ಲಿಂದ ಹೋಗುವ ದಾರಿ ಹುಡುಕತೊಡಗಿದ್ದೆ. ಕೋಣೆಯಲ್ಲಿ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿರಲೇ ಇಲ್ಲ. ಬೇಕಾದ ಸೀರೆಯನ್ನು ಅದರೊಳಗಿಂದಲೇ ಎಳೆದು ಉಟ್ಟು, ಒಗೆದು, ಮತ್ತೆ ಅದರೊಳಗೇ ತುರುಕುತ್ತಿದ್ದೆ.

ಊಟವೆಲ್ಲ ಹೊರಗೆ. ಐದು ಊರುಗಳ ಖಾನಾವಳಿ, ಹೋಟೆಲುಗಳ ಪರಿಚಯ ನನಗೆ ಆ ವರ್ಷ ಆದಷ್ಟು ಯಾವ ಸೇಲ್ಸ್‌ಮನ್ನಿಗೂ ಆಗಿರಲಿಕ್ಕಿಲ್ಲ. ಕೂಡ್ಲಿಗಿಯಲ್ಲಿ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಮಿರ್ಚಿ. ಹಡಗಲಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಇಡ್ಲಿ. ಕೊಟ್ಟೂರಿನ ಖಾನಾವಳಿಯಲ್ಲಿ ರೊಟ್ಟಿ ಊಟ. ಒಂಟಿ ಹೆಂಗಸು ಬಂದಳೆಂದರೆ ಎಲ್ಲ ಕಡೆಯೂ ಒಂದೇ ಮರ್ಯಾದೆ. ಮಾಲೀಕ ತಡಬಡಿಸಿ ಎದ್ದು, ಮೂಲೆಯಲ್ಲಿ ಬಟ್ಟೆಯ ತೆರೆ ಹಾಕಿದ ಫ್ಯಾಮಿಲಿ ಕೋಣೆ ತೋರಿಸುತ್ತಿದ್ದ. ಆ ತೆರೆಯ ಹಿಂದೆ ಕೂತು, ಹೊರಗೆ ಯಾವ ಬಸ್ಸು ಬಂತು, ಯಾವುದು ಹೋಯಿತು ಎಂದು ಕಿವಿಯಲ್ಲೇ ಲೆಕ್ಕ ಹಾಕುತ್ತ ಗಬಗಬ ನುಂಗಿ ಏಳುತ್ತಿದ್ದೆ. ಮೈಮೇಲೆ ಇರುವೆ ಬಿಟ್ಟುಕೊಂಡವರ ಹಾಗೆ ಇಡೀ ವರ್ಷ ಹೀಗೇ ಕಳೆದೆ.

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಗೆ ಹತ್ತಿಕೊಂಡೇ ಕೊಟ್ರಮ್ಮಕ್ಕನ ತೋಟ ಇತ್ತು. ಎರಡು ಎಕರೆ. ನನಗಿಂತ ಮುಂಚೆ ಇದ್ದ ಅಧಿಕಾರಿ ಒಂದು ವೈನ್ ಕಂಪನಿಯ ಜೊತೆ ಮಾತಾಡಿ, ಅಲ್ಲಿದ್ದ ತಿನ್ನುವ ದ್ರಾಕ್ಷಿ ತೆಗೆಸಿ, ವೈನಿನ ಬಳ್ಳಿ ಹಚ್ಚಿಸಿ, ತಾವು ವರ್ಗವಾಗಿ ಹೋಗಿದ್ದರು. ನಾನು ಬಂದ ವರ್ಷ ಆ ಬಳ್ಳಿಗೆ ಮೊದಲ ಫಸಲು. ಕೊಟ್ರಮ್ಮಕ್ಕನ ಗಂಡ ಅದಿರಿನ ಲಾರಿ ಓಡಿಸುತ್ತ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೊಲದ ಯಜಮಾನಿಕೆ ಗಂಡನ ಅಣ್ಣನದು, ಅಂದರೆ ಅವಳ ಭಾವನದು. ಅವನಿಗೆ ಈ ತೋಟದ ಮೇಲೆ ನಂಬಿಕೆ ಇರಲಿಲ್ಲ, ಮೆಕ್ಕೆಜೋಳ ಹಾಕುವ ಮನಸ್ಸು. ಒಂದೇ ಒಂದು ಫಸಲು ನನ್ನ ಕೈಯಲ್ಲಿ ಬಿಡಿ, ಕಂಪನಿಯವರು ಒಲ್ಲೆ ಅಂದರೆ ನೀವು ಹೇಳಿದ ಹಾಗೆ ಎಂದು ಅವಳು ಅವನನ್ನು ಒಪ್ಪಿಸಿದ್ದಳು. ಅವನು ಒಪ್ಪಿದ್ದಕ್ಕೂ ಕಾರಣ ಇತ್ತು. ಕೊಟ್ರಮ್ಮಕ್ಕನ ಕೈಗುಣ ಚೆನ್ನಾಗಿದೆ ಎಂದು ಸುತ್ತಲಿನ ಹಳ್ಳಿಗೆಲ್ಲ ಹೆಸರು. ಬಿತ್ತನೆಯ ದಿನ ಮೊದಲ ಹಿಡಿ ಬೀಜ ಹಾಕಲು ಅಕ್ಕಪಕ್ಕದ ಹೊಲದವರೂ ಅವಳನ್ನು ಕರೆಯುತ್ತಿದ್ದರು.

ಮದುವೆಗೆ ಮುಂಚೆ ಅವಳು ಹಗರಿಬೊಮ್ಮನಹಳ್ಳಿ ಕಡೆಯ ದೊಡ್ಡ ದ್ರಾಕ್ಷಿ ತೋಟಗಳಲ್ಲಿ ಕೂಲಿಗೆ ಹೋಗುತ್ತಿದ್ದವಳು. ತಿನ್ನುವ ದ್ರಾಕ್ಷಿಯನ್ನು ದಪ್ಪ ಮಾಡಲು ಒಂದು ಪದ್ಧತಿ ಇದೆ. ಜಿ.ಎ. ಎನ್ನುವ ಪುಡಿಯನ್ನು ನೀರಿನಲ್ಲಿ ಕಲಸಿ, ಪ್ಲಾಸ್ಟಿಕ್ ಮಗ್ಗಿನಲ್ಲಿ ತುಂಬಿಕೊಂಡು, ಎಳೆಯ ಗೊಂಚಲುಗಳನ್ನು ಒಂದೊಂದಾಗಿ ಅದರಲ್ಲಿ ಅದ್ದಬೇಕು. ಒಂದನ್ನೂ ಬಿಡುವಂತಿಲ್ಲ, ಒಂದನ್ನು ಎರಡು ಸಲ ಅದ್ದುವಂತಿಲ್ಲ. ಕೊಟ್ರಮ್ಮಕ್ಕ ಅದ್ದಿದ ಸಾಲು ದೂರದಿಂದಲೇ ಗೊತ್ತಾಗುತ್ತಿತ್ತಂತೆ. ಇದನ್ನು ಅವಳೇ ಹೇಳಿದ್ದು, ಆದರೆ ಜಂಬ ಅನಿಸುವ ಹಾಗೆ ಹೇಳಲಿಲ್ಲ.

ಆ ಅಕ್ಟೋಬರಿನಲ್ಲಿ, ಬಳ್ಳಿಗೆ ಕತ್ತರಿ ಹಾಕುವ ಮುಂಚೆ, ತೆಲಿಗಿಯ ಹತ್ತಿರ ಇನ್ನೊಬ್ಬರು ವೈನ್ ದ್ರಾಕ್ಷಿ ಹಚ್ಚಿದ್ದಾರೆಂದು ಗೊತ್ತಾಗಿ ಅವಳನ್ನು ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಅವಳಿಗಾಗಿ ಹೋದದ್ದಲ್ಲ. ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ, ಎಲ್ಲಿಗಾದರೂ ಹೋಗಬೇಕಿತ್ತು. ಹರಪನಹಳ್ಳಿಯಲ್ಲಿ ಬಸ್ಸು ಇಳಿದು ದೋಸೆ ತಿನ್ನಲು ಹೋಟೆಲಿಗೆ ಹೊಕ್ಕೆವು. ನಲವತ್ತರ ಹತ್ತಿರದ ಕೊಟ್ರಮ್ಮಕ್ಕ ಅದುವರೆಗೆ ಹೋಟೆಲಿನಲ್ಲಿ ಕೂತು ತಿಂದವಳಲ್ಲ. ಮಾಲೀಕ ರೂಢಿಯಂತೆ ಮೂಲೆಯ ಕೋಣೆ ತೋರಿಸಿದ. ನಾನು ಸುಮ್ಮನೆ ಒಳಗೆ ಹೋಗಿ ಕೂತೆ. ಅವಳು ಬಾಗಿಲಲ್ಲೇ ನಿಂತಳು.

"ಇದ್ಯಾಕ್ರಿ ತೆರಿ? ನಾವೇನ್ ಕದ್ದು ತಿನ್ನಾಕ ಬಂದೀವೇನು?" ಎಂದು ಆ ಬಟ್ಟೆಯನ್ನು ಒಂದು ಬದಿಗೆ ಎಳೆದು, ಗಂಟು ಹಾಕಿಯೇ ಕೂತಳು.

ಬೆಣ್ಣೆ ಕರಗುತ್ತಿದ್ದ ದೋಸೆಯನ್ನು ಬಹಳ ಹೊತ್ತು ತಿಂದಳು. ಚಟ್ನಿಗೆ ಏನು ಹಾಕಿದ್ದಾರೆಂದು ಒಳಗೆ ಹೋಗಿ ಕೇಳಿ ಬಂದಳು. ನಾನು ಗಡಿಯಾರ ನೋಡಿದ್ದನ್ನು ನೋಡಿ, ಬಸ್ಸು ನಿಮ್ಮನ್ನು ಬಿಟ್ಟು ಹೋದರೆ ಅದಕ್ಕೇ ನಷ್ಟ ಎಂದು ಕೀಟಲೆ ಮಾಡಿದಳು. ತೆಲಿಗಿಯ ಆ ತೋಟದಲ್ಲಿ ದೂರಕ್ಕೆ ಉಚ್ಚಂಗಿದುರ್ಗದ ಗುಡ್ಡ ಕಾಣುತ್ತಿತ್ತು. ಹೊಲದ ಬದುವಿನ ಮೇಲೆ ಕೂತು ಗಾಳಿಗೆ ಮುಖ ಕೊಟ್ಟು, ಇಂಥ ಕಡೆ ದಿನಾ ಒಂದು ತಾಸು ಕೂತರೆ ಸಾಕು, ಮನುಷ್ಯ ಸುಧಾರಿಸುತ್ತಾನೆ ಎಂದಳು. ತೋಟದವರು ಕಂಪನಿ ಕೊಟ್ಟಿದ್ದ ಬಾಟಲಿ ತೆಗೆದು ಸ್ಟೀಲ್ ಲೋಟದಲ್ಲಿ ಒಂದಿಷ್ಟು ಕೊಟ್ಟರು. ಅವಳು ಮೂಸಿ, ಹುಳಿ ಬಂದ ಹುಣಸೆ ಸಾರು ಇದ್ದ ಹಾಗಿದೆ, ಇದಕ್ಕೆ ಇಷ್ಟು ದೂರದಿಂದ ಬರುತ್ತಾರೇನು ಎಂದು ಲೋಟ ವಾಪಸು ಕೊಟ್ಟಳು. ಬಳ್ಳಿಯಲ್ಲಿ ಆಗ ಹಣ್ಣಿರಲಿಲ್ಲ. ವೈನಿಗೆ ಕಾಯಿ ಸಣ್ಣದಾಗೇ ಇರಬೇಕು, ಸಿಪ್ಪೆ ದಪ್ಪ ಇರಬೇಕು, ಕಾಯಿ ಬಣ್ಣ ತಿರುಗಿದ ಮೇಲೆ ನೀರು ಕಡಿಮೆ ಮಾಡಬೇಕು, ಅದ್ದಲೇಬಾರದು ಎಂಬುದೆಲ್ಲ ಕಂಪನಿಯವರು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಕೊಟ್ಟಿದ್ದ ಕಾಗದದಲ್ಲಿತ್ತು. ಆ ಕಾಗದ ನನ್ನ ಚೀಲದಲ್ಲಿತ್ತು. ಬದುವಿನ ಮೇಲೆ ಕೂತು ಓದಿ ಹೇಳಬಹುದಿತ್ತು. ಸಂಜೆಯ ಬಸ್ಸು ತಪ್ಪುತ್ತದೆಂದು ಎಬ್ಬಿಸಿಕೊಂಡು ಬಂದೆ.

ನವೆಂಬರಿನಲ್ಲಿ ಧಾರವಾಡದಲ್ಲಿ ಒಂದು ಹುದ್ದೆ ಖಾಲಿಯಾಗಿದೆ ಎಂದು ಸುದ್ದಿ ಬಂತು. ಆಮೇಲೆ ನನ್ನ ಕಾಲು ನಿಲ್ಲಲಿಲ್ಲ. ವಾರಕ್ಕೊಮ್ಮೆ ಬಳ್ಳಾರಿಗೆ ಓಡುತ್ತಿದ್ದೆ. ಇಂದು ಸಾಹೇಬರಿಲ್ಲ, ನಾಳೆ ಫೈಲಿಲ್ಲ, ನಾಡಿದ್ದು ಗುಮಾಸ್ತನಿಲ್ಲ. ಒಂದು ಬೆಳಿಗ್ಗೆ ಬಳ್ಳಾರಿ ಬಸ್ಸು ತೋಟದ ಎದುರಿನ ಕ್ರಾಸಿನಲ್ಲಿ ಜನ ಹತ್ತಿಸಲು ನಿಂತಿತ್ತು. ನಾನು ಕಿಟಕಿಯ ಪಕ್ಕ ಕೂತು, ಸಾಹೇಬರ ಮುಂದೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಕೊಟ್ರಮ್ಮಕ್ಕ ಸೀರೆ ಎತ್ತಿ ಕಟ್ಟಿಕೊಂಡು ತೋಟದಿಂದ ಓಡಿ ಬಂದು ಕಿಟಕಿಯ ಸರಳು ಹಿಡಿದಳು.

"ಮೇಡಂ, ಕಾಯಿ ಜ್ವಾಳದ ಕಾಳಿನಷ್ಟ ಆಗ್ಯಾವ್ರಿ. ಅದ್ದೋದು, ನೀರು ಬಿಡೋದು ಹೆಂಗ? ಮೊದಲಿನ ಬಳ್ಳಿಗೆ ಮಾಡ್ತಿದ್ದಂಗ ಮಾಡ್ಲೇನು?"

ಮಾತು ಸ್ಪಷ್ಟವಾಗಿ ಕೇಳಿಸಿತ್ತು. ಅದರಲ್ಲಿ ನನಗೆ ನೆಪವಿಲ್ಲ. ಆದರೆ ಕಂಡಕ್ಟರು ಸೀಟಿ ಊದಿದ್ದ, ನನ್ನ ಮನಸ್ಸು ಆಗಲೇ ಬಳ್ಳಾರಿಯ ಮೆಟ್ಟಿಲು ಹತ್ತುತ್ತಿತ್ತು.

"ಹೂಂ, ಹಂಗ ಮಾಡ್ರಿ. ನಾ ಬಂದು ನೋಡ್ತೇನಿ," ಎಂದೆ.

ಬಂದು ನೋಡಲಿಲ್ಲ. ಐದು ವಾರ ಆ ತೋಟದ ಒಳಗೆ ಕಾಲಿಡಲಿಲ್ಲ. ಹಡಗಲಿಯಲ್ಲಿ ಮಲ್ಲಿಗೆ ಗಿಡ ಎಣಿಸುವ ಕೆಲಸ ಹಚ್ಚಿದ್ದರು, ಅದರ ನಡುವೆ ಬಳ್ಳಾರಿಯ ಓಡಾಟ. ಬಸ್ಸಿನಿಂದಲೇ ತೋಟದ ಹಸಿರು ನೋಡಿ ಎಲ್ಲ ಚೆನ್ನಾಗಿದೆ ಎಂದುಕೊಂಡೆ. ಜನವರಿಯಲ್ಲಿ ಒಂದು ದಿನ ಪುರುಸೊತ್ತಾಗಿ ಇಳಿದೆ. ಕೊಟ್ರಮ್ಮಕ್ಕ ನನ್ನ ಕೈ ಹಿಡಿದು ಸಾಲಿನೊಳಗೆ ಕರೆದುಕೊಂಡು ಹೋಗಿ, ಎಲೆ ಸರಿಸಿ ಒಂದು ಗೊಂಚಲು ತೋರಿಸಿದಳು. ಕಾಯಿಗಳು ಉಬ್ಬಿ, ಉದ್ದವಾಗಿ, ಬಿಗಿದುಕೊಂಡು ಮಿರಿಮಿರಿ ಮಿಂಚುತ್ತಿದ್ದವು. ಕಾಲ ಕೆಳಗೆ ಮಣ್ಣು ಒದ್ದೆ ಇತ್ತು.

ಆಗಲೇ ಎಲ್ಲ ಗೊತ್ತಾಗಿಹೋಯಿತು. ಆ ಕ್ಷಣವೇ ಕೂತು ಹೇಳಬೇಕಿತ್ತು, ಅಕ್ಕಾ, ತಪ್ಪಾಯಿತು, ನಾನು ಯೋಚನೆ ಮಾಡದೆ ಹೂಂ ಅಂದೆ ಎಂದು. ಅವಳ ಮುಖ ನೋಡಿದೆ. ಬಳ್ಳಿ ಸಾಲಿನ ಆ ತುದಿಯಲ್ಲಿ ಅವಳ ಭಾವ ನಿಂತಿದ್ದ. ಚಲೋ ಬಂದಾವ ಎಂದೆ. ನೀರು ಮಾತ್ರ ಇವತ್ತಿನಿಂದ ಬಂದ್ ಮಾಡಿ ಎಂದೆ. ಯಾಕೆಂದು ಅವಳು ಕೇಳಿದ್ದಕ್ಕೆ ಸಿಹಿ ಏರಲಿ ಎಂದೆ. ಅಷ್ಟು ಮಾತ್ರ ನಿಜ.

ಅಲ್ಲಿಂದ ಕಂಪನಿಯವರು ಬರುವವರೆಗಿನ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ಹಣ್ಣಿನ ರಸದ ಸಿಹಿ ಅಳೆಯಲು ಒಂದು ಸಣ್ಣ ಕೊಳವೆಯಂಥ ಉಪಕರಣ ಇರುತ್ತದೆ. ಒಂದು ತುದಿಗೆ ರಸ ಹಚ್ಚಿ, ಬೆಳಕಿಗೆ ಹಿಡಿದು, ಇನ್ನೊಂದು ತುದಿಯಿಂದ ಕಣ್ಣಿಟ್ಟು ನೋಡಿದರೆ ಒಳಗೆ ಅಂಕಿ ಕಾಣುತ್ತದೆ. ಕೊಟ್ರಮ್ಮಕ್ಕ ಅದನ್ನು ದುರ್ಬೀನು ಎನ್ನುತ್ತಿದ್ದಳು. ಇಪ್ಪತ್ತೆರಡು ಬಂದರೆ ವೈನಿಗೆ ಸರಿ. ಹದಿಮೂರು ಇತ್ತು. ಎರಡು ದಿನಕ್ಕೊಮ್ಮೆ ಹೋಗಿ ನೋಡುತ್ತಿದ್ದವಳು ದಿನಾ ಹೋಗತೊಡಗಿದೆ. ಹದಿಮೂರೂವರೆ. ಹದಿನಾಲ್ಕು. ಮತ್ತೆ ಹದಿಮೂರೂವರೆ. ಊಟ ಸೇರುತ್ತಿರಲಿಲ್ಲ, ಖಾನಾವಳಿಯ ತೆರೆಯ ಹಿಂದೆ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟು ಬರುತ್ತಿದ್ದೆ. ಆಕಾಶದಲ್ಲಿ ಒಂದು ಮೋಡ ಕಂಡರೆ, ಮಳೆ ಬಿದ್ದು ಇದ್ದ ಸಿಹಿಯೂ ಇಳಿದೀತೆಂದು ಹೆದರುತ್ತಿದ್ದೆ. ದುರ್ಬೀನು ಏನು ಹೇಳುತ್ತದೆ ಎಂದು ಅವಳು ಕೇಳಿದಾಗಲೆಲ್ಲ ಏರುತ್ತಿದೆ ಎನ್ನುತ್ತಿದ್ದೆ. ಅವಳಾದರೋ ಕಂಪನಿಯವರಿಗೆ ಏನು ಅಡುಗೆ ಮಾಡಲಿ ಎಂದು ನನ್ನನ್ನೇ ಕೇಳುತ್ತಿದ್ದಳು. ಅವರು ತೋಟ ನೋಡಿದ ಮೇಲೆ ಬಳ್ಳಿಯ ನೆರಳಲ್ಲೇ ಊಟಕ್ಕೆ ಕೂರಿಸಬೇಕೆಂಬುದು ಅವಳ ಆಸೆ.

ಅವರು ಒಂದು ಬಿಳಿ ಕಾರಿನಲ್ಲಿ ಬಂದರು. ಹಣ್ಣು ಪರೀಕ್ಷೆ ಮಾಡುವ ಒಬ್ಬ ಹಿರಿಯರು, ಅವರ ಜೊತೆ ತೋಟ ನೋಡಿ ಊಟ ಮಾಡಿ ಹೋಗಲು ಬಂದ, ಕಂಪನಿಯವರ ಪರಿಚಯದ ಗಂಡ ಹೆಂಡತಿ. ಭಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಮುಂದೆ ನಿಂತಿದ್ದ. ಹಿರಿಯರು ಮೊದಲ ಸಾಲಿಗೆ ಬಂದವರೇ ಒಂದು ಗೊಂಚಲು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಒಂದು ಹಣ್ಣು ಹಿಚುಕಿ ಕೊಳವೆಗೆ ಹಚ್ಚಿ ನೋಡಿದರು. ನಾಲ್ಕು ಸಾಲು ದಾಟಿ ಮತ್ತೆ ನೋಡಿದರು. ಕೊನೆಯ ಸಾಲಿಗೂ ಹೋಗಿ ಬಂದರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ, ಬೇಸರ ಬಂದಿತ್ತು.

"ಇದಕ್ಕೆ ಜಿ.ಎ. ಅದ್ದಿದ್ದೀರಿ. ನೀರೂ ಚೆನ್ನಾಗಿ ಬಿಟ್ಟಿದ್ದೀರಿ. ಇದು ತಿನ್ನೋಕೆ ಆಗುತ್ತೆ, ವೈನಿಗೆ ಬರಲ್ಲ. ಮುಂದಿನ ವರ್ಷ ಈ ಬಳ್ಳಿ ಸರಿಯಾಗಿ ಕಾಯಿ ಕಟ್ಟೋದೂ ಅನುಮಾನ. ಹೀಗೆ ಮಾಡಿ ಅಂತ ಹೇಳಿದ್ದು ಯಾರು?"

ಕೊಟ್ರಮ್ಮಕ್ಕ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಆರೋಪ ಇರಲಿಲ್ಲ. ನಾನು ಹೇಳುತ್ತೇನೆಂದು ಕಾದಳು, ಅಷ್ಟೇ. ನನ್ನ ವರ್ಗದ ಕಾಗದ ಬಳ್ಳಾರಿಯಲ್ಲಿ ಸಹಿಯಾಗುವುದಷ್ಟೇ ಬಾಕಿ ಇತ್ತು. ಒಂದು ದೂರು ಹೋದರೆ ಎಲ್ಲ ನಿಂತುಹೋಗುತ್ತದೆ ಎಂಬ ಒಂದೇ ವಿಚಾರ ತಲೆಯಲ್ಲಿ ಓಡಿತು.

"ಅದ್ದಬೇಡ್ರಿ ಅಂತ ನಾ ಹೇಳಿದ್ದೆ, ಸರ್," ಎಂದೆ.

ಕೊಟ್ರಮ್ಮಕ್ಕ ಸೆರಗು ಸರಿಮಾಡಿಕೊಂಡು ಹಿರಿಯರ ಕಡೆ ತಿರುಗಿದಳು.

"ಹೌದ್ರಿ. ಮೇಡಂ ಹೇಳಿದ್ರು. ನಾನ ಕೇಳಲಿಲ್ಲ. ಬರ್ರಿ, ಉಣ್ಣಾಕ ಬರ್ರಿ. ರೊಟ್ಟಿ ಆರತಾವು."

ಆ ಊಟ ನಾನು ಮರೆತಿಲ್ಲ. ಬಳ್ಳಿಯ ನೆರಳಲ್ಲಿ ಚಾಪೆ ಹಾಸಿದ್ದಳು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೊನೆಗೆ ಹೋಳಿಗೆ, ತುಪ್ಪ. ಬಂದಿದ್ದ ಗಂಡ ಹೆಂಡತಿ ಇಂಥ ಊಟ ಯಾವ ದೊಡ್ಡ ಹೋಟೆಲಿನಲ್ಲೂ ಉಂಡಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಎಲ್ಲರಿಗಿಂತ ಮೊದಲು ಅವಳು ರೊಟ್ಟಿ ಹಾಕಿದ್ದು ನನ್ನ ತಟ್ಟೆಗೆ. ಭಾವ ಊಟಕ್ಕೆ ಕೂರಲಿಲ್ಲ. ರಸ್ತೆಯ ಬದಿಗೆ ಬೆನ್ನು ಮಾಡಿ ನಿಂತು, ಹಲ್ಲುಕಡ್ಡಿ ಜಗಿಯುತ್ತ ಬಳ್ಳಿ ಸಾಲುಗಳನ್ನು ನೋಡುತ್ತಿದ್ದ. ನನಗೆ ನಾಚಿಕೆಯಾಯಿತು. ಆದರೂ ಎರಡು ರೊಟ್ಟಿ ಉಂಡೆ, ಬಡಿಸಿದ್ದನ್ನು ಬಿಡಲಿಲ್ಲ.

ಮುಂದಿನ ವಾರ ನನ್ನ ಆದೇಶ ಬಂತು. ಪೆಟ್ಟಿಗೆ ಬಿಚ್ಚೇ ಇರಲಿಲ್ಲವಾದ್ದರಿಂದ ಕಟ್ಟುವ ಕೆಲಸವೂ ಇರಲಿಲ್ಲ. ಕಾಗದಪತ್ರ ಒಪ್ಪಿಸಲು ಕೂಡ್ಲಿಗಿಗೆ ಹೋಗುವಾಗ ತೋಟ ಎಡಗಡೆ ಬರುತ್ತದೆಂದು ಬಲಗಡೆಯ ಸೀಟು ಹಿಡಿದೆ. ಆದರೂ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ. ಧಾರವಾಡದಲ್ಲಿ ಆಮೇಲೆ ಮದುವೆ, ಮಗಳು, ಬಡ್ತಿ, ಮನೆ ಎಲ್ಲ ಆದವು. ಕೂತಲ್ಲಿ ಕೂರಲಾಗದ ಚಾಳಿ ಮಾತ್ರ ಹೋಗಲಿಲ್ಲ, ಎಲ್ಲರ ಮನೆಯಲ್ಲೂ ಊಟದಿಂದ ಮೊದಲು ಏಳುವವಳು ನಾನೇ.

ವೈನ್ ತೋಟದ ಆ ಗ್ಲಾಸು ಮೂಸಿ ಬಂದ ಮುಂದಿನ ರವಿವಾರ ಕೊಟ್ಟೂರಿನ ಬಸ್ಸು ಹತ್ತಿದೆ. ತೋಟವಿದ್ದ ಕಡೆ ಮೆಕ್ಕೆಜೋಳ ಕೊಯ್ದ ಕೂಳೆ ಇತ್ತು. ಕೇಳಿಕೊಂಡು ಮನೆಗೆ ಹೋದೆ. ಮಗ, ಸೊಸೆ ಒಳಗಿದ್ದರು, ಕೊಟ್ರಮ್ಮಕ್ಕ ಅಂಗಳದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕೂಡಲೇ ಗುರುತು ಹಿಡಿದು, ಈಗಲೂ ಬಸ್ಸಿಗೆ ಅವಸರವೇನು ಎಂದು ನಕ್ಕಳು. ಅವಳ ತಲೆಯ ಮೇಲೆ, ಅಂಗಳದ ಚಪ್ಪರಕ್ಕೆ, ಒಂದು ದ್ರಾಕ್ಷಿ ಬಳ್ಳಿ ಹಬ್ಬಿತ್ತು. ತೋಟ ಕೀಳಲು ಟ್ರ್ಯಾಕ್ಟರು ಬಂದ ದಿನ ಒಂದು ಕಡ್ಡಿ ಮುರಿದು ತಂದು ಊರಿದ್ದಳಂತೆ. ಹಣ್ಣು ಸಣ್ಣಗೆ, ಕಪ್ಪಗೆ, ಒತ್ತೊತ್ತಾಗಿ ಕಟ್ಟಿತ್ತು. ಇದಕ್ಕೆ ಏನೂ ಹಾಕುವುದಿಲ್ಲ, ಅದ್ದುವುದಿಲ್ಲ ಎಂದಳು. ಒಂದು ಕಿತ್ತು ಬಾಯಿಗೆ ಹಾಕಿಕೊಂಡೆ. ಇಪ್ಪತ್ತೆರಡು ದಾಟಿದೆ ಎಂದು ಅಳೆಯುವ ಕೊಳವೆ ಇಲ್ಲದೆಯೂ ನನಗೆ ಗೊತ್ತಾಯಿತು.

ಇಷ್ಟು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಆಗ ಹೇಳಿದೆ. ಅವತ್ತು ಬಸ್ಸಿನ ಕಿಟಕಿಯಿಂದ ಹೂಂ ಅಂದದ್ದು ನಾನೇ, ತೋಟದಲ್ಲಿ ಎಲ್ಲರ ಮುಂದೆ ಸುಳ್ಳು ಹೇಳಿದ್ದೂ ನಾನೇ ಎಂದೆ. ಕೊಟ್ರಮ್ಮಕ್ಕ ಹುಣಸೆ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಕಿಟಕಿ ಹಿಡಕಂಡು ಕೇಳಿದಾಕಿ ನಾನ ಅಲ್ಲೇನ್ರಿ, ನನಗ ಗೊತ್ತಿಲ್ಲೇನು? ಉಣ್ಣಾಕ ಕರದ ಮಂದೀನ ನಾಲ್ಕು ಜನದ ಮುಂದ ಸುಳ್ಳರನ್ನ ಮಾಡಬಾರದು ಅಂತ ಸುಮ್ಮನಾದೆ. ನೀವ ಹಿಂದಿಂದ ಬಂದು ಹೇಳ್ತೀರಿ ಅನಕಂಡಿದ್ದೆ."

ಯಾರಿಗೆ ಎಂದು ಕೇಳಿದೆ, ಕೇಳಬಾರದಿತ್ತು.

"ನಮ್ಮ ಭಾವಗ. ಹಿಂದಿನ ವರ್ಷ ತೀರಿಕಂಡ್ರು. ಆ ತ್ವಾಟ ಕಿತ್ತ ಮ್ಯಾಲ ಅವರು ಬದುಕಿರೋತನಕ ಬಿತ್ತಿಗೆ ದಿನ ನನ್ನ ಕೈಯಾಗ ಬೀಜ ಕೊಡಲಿಲ್ಲ. ಊರಾಗಿನವರೂ ಕರಿಯೋದು ಬಿಟ್ರು. ಈಗ ಹೇಳಿ ನೀವು ಹಗರ ಆದ್ರಿ. ನನಗ ಏನ್ ಬಂತು?"

ಅಳು ಬಂತು. ಅವಳ ಮುಂದೆ ಅಳುವ ಹಕ್ಕೂ ನನಗಿಲ್ಲ ಅನಿಸಿ ತಲೆ ತಗ್ಗಿಸಿ ಕೂತೆ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಅದರ ಹಿಂದೆ ಇನ್ನೊಂದು. ಕೊಟ್ರಮ್ಮಕ್ಕ ಬಿಡಿಸಿದ ಹುಣಸೆಯನ್ನು ಬುಟ್ಟಿಗೆ ಸುರಿದು, ಮೊಳಕಾಲಿನ ಮೇಲೆ ಕೈಯೂರಿ ನಿಧಾನ ಎದ್ದು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಹಂಚಿನ ಸದ್ದು, ರೊಟ್ಟಿ ಬಡಿಯುವ ಸದ್ದು ಬಹಳ ಹೊತ್ತು ಕೇಳಿಸಿತು.

"ಬರ್ರಿ," ಎಂದಳು ಒಳಗಿನಿಂದ. "ರೊಟ್ಟಿ ಆರತಾವು."

ಎದ್ದು ಹೋದೆ. ಅಡುಗೆ ಮನೆಯಲ್ಲಿ ಮೂರು ತಟ್ಟೆ ಇಟ್ಟಿದ್ದಳು, ಮಗನದೊಂದು, ಸೊಸೆಯದೊಂದು, ನನ್ನದೊಂದು. ಮೊದಲ ರೊಟ್ಟಿಯನ್ನು ಅವಳು ನನ್ನ ತಟ್ಟೆಗೇ ಹಾಕಿದಳು.